ರಾವ್ ಗಾರ ಹುಲ್ಲಿನಲ್ಲಿ ನಮ್ಮ ಹೊಲದ ಕಸ

ಹೈದರಾಬಾದಿನಲ್ಲಿ ಹುಲ್ಲಿಗೆ ಕಾವಲುಗಾರ ಇರುತ್ತಾನೆ ಎಂದರೆ ನಮ್ಮೂರಲ್ಲಿ ಯಾರೂ ನಂಬಲಿಲ್ಲ. ಗಚ್ಚಿಬೌಲಿಯ ಕಾಲೊನಿಗೆ ನಾವು ಬಂದಿಳಿದ ದಿನ, ಲಾರಿಯಿಂದ ಇಳಿಸಿದ ಕಬ್ಬಿಣದ ಮಂಚವನ್ನು ನಮ್ಮವರು, ಅಂದರೆ ನನ್ನ ಗಂಡ, ದಣಿವಾರಿಸಿಕೊಳ್ಳಲು ಹುಲ್ಲಿನ ಮೇಲೆ ಇಟ್ಟರು. ಅಷ್ಟಕ್ಕೇ ಕಾವಲುಗಾರ ಸೀಟಿ ಊದುತ್ತ ಓಡಿ ಬಂದ. 'ಗಡ್ಡಿ! ಗಡ್ಡಿ!' ಎಂದು ಬೊಬ್ಬೆ ಹೊಡೆದ. ನಾನು ಹಾವೇ ಬಂತೆಂದು ಹಿಂದಕ್ಕೆ ಹಾರಿದೆ. ಗಡ್ಡಿ ಅಂದರೆ ತೆಲುಗಿನಲ್ಲಿ ಹುಲ್ಲು ಎಂದು ಆಮೇಲೆ ಗೊತ್ತಾಯಿತು. ಆ ಹುಲ್ಲಿಗೆ ದಿನಾ ನೀರು ಕುಡಿಸುತ್ತಾರೆ. ವಾರವಾರ ಯಂತ್ರ ಹಾಯಿಸಿ ಕತ್ತರಿಸುತ್ತಾರೆ. ಕತ್ತರಿಸಿದ್ದನ್ನು ಗೋಣಿಚೀಲಕ್ಕೆ ತುಂಬಿ ಕಸದ ಗಾಡಿಗೆ ಹಾಕುತ್ತಾರೆ. ತಿನ್ನಲು ಒಂದು ದನವಿಲ್ಲ.

ಫೋನಿನಲ್ಲಿ ಅವ್ವನಿಗೆ ಹೇಳಿದೆ. 'ಹಂಗಾರ ಆ ಹುಲ್ಲು ಯಾತಕ್ಕವ್ವಾ?' ಎಂದಳು.

'ನೋಡಾಕ.'

'ನೋಡಾಕ? ಹುಲ್ಲನ್ನ?' ಆಕೆ ಬಹಳ ಹೊತ್ತು ನಕ್ಕಳು. 'ಆ ಮಂದಿಗೆ ಹುಚ್ಚು ಹಿಡದೈತಿ, ನೀ ಹುಷಾರ' ಎಂದು ಫೋನಿಟ್ಟಳು. ನವಲಗುಂದದ ಕಡೆಯ ಕಪ್ಪು ಮಣ್ಣಿನವರು ನಾವು. ಬೇಸಿಗೆಯಲ್ಲಿ ಒಂದು ಹೊರೆ ಮೇವಿಗಾಗಿ ಅಣ್ಣತಮ್ಮಂದಿರು ಮಾತು ಬಿಟ್ಟದ್ದನ್ನು ಕಂಡವರು. ನಮಗೆ ನೋಡುವ ಹುಲ್ಲು ಎಂಬುದು ತಲೆಗೆ ಹತ್ತಲಿಲ್ಲ.

ನಾವು ಈ ಊರಿಗೆ ಬಂದದ್ದು ನಮ್ಮವರ ಔಷಧಿ ಕಾರ್ಖಾನೆಯ ಕೆಲಸಕ್ಕೆ. ಮೊದಲ ಮನೆ ಜೀಡಿಮೆಟ್ಲಾದಲ್ಲಿತ್ತು. ಅಲ್ಲಿ ಮೂಗಿಗೆ ಬಡಿಯುವ ಘಾಟು ಬಟ್ಟೆಗೂ ಹತ್ತುತ್ತಿತ್ತು, ಅನ್ನಕ್ಕೂ ಹತ್ತುತ್ತಿತ್ತು. ಹಚ್ಚಿದ ತುಳಸಿಯೆಲ್ಲ ಒಣಗುತ್ತಿತ್ತು. 'ಮಣ್ಣು ಸರಿ ಇಲ್ಲ' ಎಂದು ನಮ್ಮವರು, 'ನಸೀಬ ಸರಿ ಇಲ್ಲ' ಎಂದು ನಾನು. ಆಮೇಲೆ ನನಗೆ ಗಚ್ಚಿಬೌಲಿಯ ಒಂದು ದೊಡ್ಡ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಊರಲ್ಲಿ ಎಲ್ಲರೂ ಸುಮಂಗಲಾ ಕಂಪ್ಯೂಟರ್ ಇಂಜಿನಿಯರ್ ಆದಳು ಎಂದುಕೊಂಡರು. ನನ್ನ ಕೆಲಸ ಕ್ಯಾಬ್ ಕಳಿಸುವುದು. ಯಾವ ಹುಡುಗಿ ಯಾವ ಪಾಳಿ ಮುಗಿಸಿ ಎಲ್ಲಿಗೆ ಹೋಗಬೇಕು, ಯಾವ ಡ್ರೈವರ್ ಫೋನ್ ಎತ್ತುತ್ತಿಲ್ಲ, ಇದೇ ನನ್ನ ಸಾಫ್ಟ್‌ವೇರ್. ಆಗ ಗಚ್ಚಿಬೌಲಿ ಹೇಗಿತ್ತೆಂದರೆ ಹೋದ ತಿಂಗಳು ಬಂಡೆ ಇದ್ದ ಕಡೆ ಈ ತಿಂಗಳು ಗಾಜಿನ ಕಟ್ಟಡ. ಮಧ್ಯಾಹ್ನ ಬಂಡೆ ಸಿಡಿಸಿದರೆ ಅಡುಗೆಮನೆಯ ತಟ್ಟೆಗಳು ನಡುಗುತ್ತಿದ್ದವು.

ಡ್ರೈವರುಗಳಿಂದ ಇಲ್ಲಿಯ ಹಿಂದಿ ಕಲಿತೆ. ಬೇಡ ಅನ್ನಲು 'ನಕ್ಕೋ', ಯಾಕೆ ಅನ್ನಲು 'ಕೈಕು'. 'ಪರ್ಸೋಂ' ಎಂದರೆ ಮೊನ್ನೆಯೂ ಆದೀತು, ಹೋದ ವರ್ಷವೂ ಆದೀತು. ತೆಲುಗು ಮಾತ್ರ ಬೇಗ ಹತ್ತಲಿಲ್ಲ. ಕನ್ನಡ ಮಾತಾಡೋಣವೆಂದರೆ ಕಂಪನಿಯಲ್ಲಿ ಇದ್ದದ್ದು ಬೆಂಗಳೂರು ಮೈಸೂರಿನ ಹುಡುಗರು. ನಾನು ಬಾಯಿ ತೆರೆದರೆ ಸಾಕು, 'ಆಂಟಿ, ನೀವು ಮಾತಾಡ್ತಿದ್ರೆ ನಾಟಕ ನೋಡ್ದಂಗಾಗುತ್ತೆ, ಇನ್ನೊಂದ್ಸಲ ಐತಿ ಅನ್ನಿ' ಎನ್ನುತ್ತಿದ್ದರು. 'ನಿಮ್ಮ ಕ್ಯಾಬ್ ಇನ್ನೂ ತಾಸು ತಡಾ ಐತಿ' ಎಂದು ಹೇಳಿ, ನಿಜವಾಗಿಯೂ ತಡ ಮಾಡಿಸುತ್ತಿದ್ದೆ. ನನ್ನ ಸ್ವಭಾವ ಅಂಥದ್ದು. ಹಾವಿನ ದ್ವೇಷ ಹನ್ನೆರಡು ವರ್ಷ ಅಂತಾರೆ. ನನ್ನನ್ನು ಕಂಡಿದ್ದರೆ ಹಾವೂ ನಾಚಿಕೊಳ್ಳುತ್ತಿತ್ತು.

ನಮ್ಮದು ನೆಲಮಹಡಿಯ ಬಾಡಿಗೆ ಮನೆ. ಅಡುಗೆಮನೆಯ ಕಿಟಕಿಯ ಹೊರಗೆ, ಕಾಂಪೌಂಡ್ ಗೋಡೆಯವರೆಗೆ ಉದ್ದಕ್ಕೆ ಒಂದು ಪಟ್ಟಿ ನೆಲವಿತ್ತು. ಅಲ್ಲಿಗೆ ಆ ಕಾವಲಿನ ಹುಲ್ಲು ಇನ್ನೂ ಬಂದಿರಲಿಲ್ಲ. ಕಟ್ಟಡದವರು ಬಿಟ್ಟುಹೋದ ಸಿಮೆಂಟಿನ ಹೆಂಟೆ, ಇಟ್ಟಿಗೆಯ ಚೂರು, ಗುಟ್ಕಾ ಚೀಟಿ ಬಿದ್ದಿದ್ದವು. ಮನೆಯೊಡೆಯ, 'ಏನು ಬೇಕಾದರೂ ಬೆಳಸಿಕೊಳ್ಳಿ' ಎಂದಿದ್ದ. ಮೂರು ಭಾನುವಾರ ಗಂಡ ಹೆಂಡತಿ ಕೂತು ಅದನ್ನು ಹಸನು ಮಾಡಿದೆವು. ಹಾಲಿನವನ ಕಡೆಯಿಂದ ಸಗಣಿಗೊಬ್ಬರ ತರಿಸಿದೆ.

ಬೇಗಂ ಬಜಾರಿಗೆ ಮಸಾಲೆ ತರಲು ಹೋದಾಗ ಒಬ್ಬ ಮುದುಕ ವ್ಯಾಪಾರಿಯ ಹತ್ತಿರ ಗಸಗಸೆ ಕೇಳಿದೆ, ಹಾಗೇ ಮಾತಿಗೆ, ಇದನ್ನೇ ಬಿತ್ತಿದರೆ ಹೂವಾಗುತ್ತದೆಯೇ ಎಂದೆ. ಅವನು ಎರಡೂ ಕೈ ಅಡ್ಡ ಆಡಿಸಿದ. 'ನಕ್ಕೋ ಅಮ್ಮಾ, ನಕ್ಕೋ! ಯೇ ಖಾನೇ ಕೀ ಹೈ. ಬೋಯೇ ತೋ ಪೊಲೀಸ್ ಆತೇ.' ಇದು ತಿನ್ನೋದು, ಬಿತ್ತಿದರೆ ಪೊಲೀಸರು ಬರುತ್ತಾರೆ. ಬರೀ ಚಂದಕ್ಕೆ ಬೆಳೆಸುವ, ಇಂಗ್ಲಿಷಿನಲ್ಲಿ ಪಾಪಿ ಎನ್ನುವ ಗಸಗಸೆ ಜಾತಿಯ ಹೂವೇ ಬೇರೆ, ನರ್ಸರಿಯಲ್ಲಿ ಸಿಗುತ್ತದೆ ಎಂದು ಅವನೇ ದಾರಿ ಹೇಳಿದ. ತಂದ ಬೀಜವೋ ಧೂಳಿನಷ್ಟು ಸಣ್ಣದು, ಊದಿದರೆ ಹಾರುತ್ತದೆ. ಏನಾದರೂ ಬೆರೆಸಿ ಚೆಲ್ಲಬೇಕು ಎಂದಿದ್ದರು. ನಾನು ಉಪ್ಪಿಟ್ಟಿನ ರವೆ ಬೆರೆಸಿದೆ. ಬೆಳಗಾಗುವಷ್ಟರಲ್ಲಿ ಹೈದರಾಬಾದಿನ ಇರುವೆಗಳಿಗೆಲ್ಲ ಸುದ್ದಿ ಹೋಗಿ, ರವೆ ಬೀಜ ಎರಡನ್ನೂ ಹೊತ್ತು ಸಾಗಿಸುತ್ತಿದ್ದವು. ನಮ್ಮವರು ಹೊಟ್ಟೆ ಹಿಡಿದು ನಕ್ಕರು. ಮತ್ತೊಂದು ಪೊಟ್ಟಣ ತಂದು ಉಸುಕು ಬೆರೆಸಿ ಚೆಲ್ಲಿದೆ. ಮೇಲೆ ಮಣ್ಣು ಮುಚ್ಚಲಿಲ್ಲ, ಕಿತ್ತು ಬೇರೆ ಕಡೆ ನೆಡಲೂ ಇಲ್ಲ. ಪಾಪಿ ಗಿಡ ಎರಡನ್ನೂ ಸಹಿಸುವುದಿಲ್ಲ. ಅದರ ಪಕ್ಕದಲ್ಲಿ ಗೌರಿಹೂ, ಕಾಸ್ಮೋಸ್. ಇವೆಲ್ಲ ಒಮ್ಮೆ ಬಿತ್ತಿದರೆ ತಾವೇ ಬೀಜ ಉದುರಿಸಿ ಮರುವರ್ಷ ತಾವೇ ಏಳುವ ಜಾತಿ. ಬಾಡಿಗೆ ಮನೆಯವರಿಗೆ ಇದಕ್ಕಿಂತ ಬೇರೆ ಏನು ಬೇಕು?

ಸಂಕ್ರಾಂತಿಯ ಹೊತ್ತಿಗೆ ಪಾಪಿ ಅರಳಿತು. ಕೆಂಪು, ಗುಲಾಬಿ, ಅಂಚಿಗೆ ಬಿಳಿ ಹೊಲಿದದ್ದು. ಮೊಗ್ಗು ತಲೆ ಬಗ್ಗಿಸಿ ನಿಂತಿರುತ್ತದೆ, ಬೆಳಗ್ಗೆ ನೋಡಿದರೆ ತಲೆ ಎತ್ತಿ ಸಿಪ್ಪೆ ಒದ್ದು ಬಿಚ್ಚಿಕೊಂಡಿರುತ್ತದೆ. ಅಲ್ಲಿಯವರೆಗೆ ಆ ಕಾಲೊನಿಯಲ್ಲಿ ನನ್ನನ್ನು ಯಾರೂ ಮಾತಾಡಿಸಿರಲಿಲ್ಲ. ಈಗ ಶಾಲೆಯ ಬಸ್ಸಿಗೆ ಮಕ್ಕಳನ್ನು ಬಿಡಲು ಬಂದ ಹೆಂಗಸರು ನಿಂತರು. 'ಯೇ ಕೌನ್ಸಾ ಫೂಲ್ ಹೈ?' ಎಂದು ಹೂವಿನ ಹೆಸರು ಕೇಳಿದರು. ನಾನು 'ಹೂವಿನ ಮನೆಯ ಆಂಟಿ' ಆದೆ. ಅಷ್ಟು ದೊಡ್ಡ ಊರಲ್ಲಿ ನನಗಿದ್ದ ಗುರುತು ಅದೊಂದೇ, ಆ ಪಟ್ಟಿ ನೆಲ. ಅದಕ್ಕೇ ಅದು ಹೋದಾಗ ನನಗೆ ಅಷ್ಟು ಉರಿಯಿತು.

ಅದನ್ನು ತೆಗೆಸಿದವರು ಕಾಲೊನಿ ಸಂಘದ ಕಾರ್ಯದರ್ಶಿ ಸುದರ್ಶನ ರಾವ್. ನಮ್ಮ ಎದುರಿನ ಬ್ಲಾಕಿನ ಮೊದಲ ಮಹಡಿಯಲ್ಲಿದ್ದರು. ಎಲ್ಲರೂ ರಾವ್ ಗಾರು ಎನ್ನುತ್ತಿದ್ದರು, ಗಾರು ಎಂದರೆ ತೆಲುಗಿನಲ್ಲಿ ನಮ್ಮ 'ಅವರು'. ನಿವೃತ್ತ ಇಂಜಿನಿಯರ್, ಬಿಳಿ ಬೂಟು, ಕೈಯಲ್ಲಿ ಅಳತೆಯ ಟೇಪು. ಎಲ್ಲರ ಬಾಗಿಲ ಮುಂದಿನ ಚಪ್ಪಲಿ ಸ್ಟ್ಯಾಂಡು ಒಂದೇ ಅಳತೆಯದಿರಬೇಕು ಎನ್ನುವ ಮನುಷ್ಯ. ಒಂದು ದಿನ ಪಾಳಿ ಮುಗಿಸಿ ಬಂದೆ. ಗುದ್ದಲಿ ಹಿಡಿದ ಆಳುಗಳು ನನ್ನ ಪಟ್ಟಿಯನ್ನು ಕೊನೆಯಿಂದ ಕೊನೆಯವರೆಗೆ ಅಗೆದು ಹಾಕಿದ್ದರು. ಅರಳಿದ ಪಾಪಿಗಳು ಗೋಡೆಯ ಬುಡದಲ್ಲಿ ರಾಶಿ ಬಿದ್ದು ಬಾಡುತ್ತಿದ್ದವು. ರಾವ್ ಗಾರು ಟೇಪು ಹಿಡಿದು ನಿಂತಿದ್ದರು.

'ಭಾನುವಾರದ ಮೀಟಿಂಗಿನಲ್ಲಿ ತೀರ್ಮಾನವಾಯಿತು. ಎಲ್ಲ ಕಡೆ ಮೆಕ್ಸಿಕನ್ ಹುಲ್ಲು, ಒಂದೇ ಸಮ' ಎಂದರು.

'ನನಗೊಂದು ಮಾತು ಹೇಳಬಾರದಿತ್ತೇನ್ರಿ?'

'ನೀವು ಬಾಡಿಗೆಯವರು. ಮನೆಯೊಡೆಯರಿಗೆ ಹೇಳಿದ್ದೇನೆ.' ಆಮೇಲೆ ನಾನು ರಾಶಿಯಿಂದ ಎತ್ತಿಕೊಂಡಿದ್ದ ಮಣ್ಣುಹತ್ತಿದ ಗಿಡಗಳನ್ನು ನೋಡಿ ನಕ್ಕು, 'ಇದಿ ಪಲ್ಲೆಟೂರು ಕಾದಮ್ಮಾ' ಎಂದರು.

ಇದು ಹಳ್ಳಿಯಲ್ಲಮ್ಮಾ. ಆ 'ಅಮ್ಮಾ' ಎನ್ನುವುದಕ್ಕೆ ಬೆಲ್ಲ ಸವರಿದ್ದರು. ನನಗೆ ಅಲ್ಲೇ ಅಳು ಬಂತು. ಅತ್ತರೆ ಗೆದ್ದೆ ಎನ್ನುತ್ತಾನಲ್ಲ ಎಂದು ಹಲ್ಲು ಕಚ್ಚಿ ನಿಂತೆ. ಒಣಗಿದ ಪಾಪಿ ಕಾಯಿ ಒಂದೊಂದನ್ನೇ ಎತ್ತಿ ಅಲ್ಲಾಡಿಸಿ ನೋಡಿದೆ. ಅವುಗಳ ತಲೆಯಲ್ಲಿ ಉಪ್ಪಿನ ಡಬ್ಬಿಯ ಹಾಗೆ ತೂತುಗಳಿರುತ್ತವೆ. ಗುದ್ದಲಿ ಏಟಿಗೆ ಬೀಜವೆಲ್ಲ ಉದುರಿ ಹೋಗಿತ್ತು. ಒಂದು ಚಿಟಿಕೆಯೂ ಉಳಿದಿರಲಿಲ್ಲ. ಮರುದಿನ ಅದರ ಮೇಲೆ ಹುಲ್ಲಿನ ಚಾಪೆ ಹಾಸಿದರು, 'ಹುಲ್ಲನ್ನು ಮುಟ್ಟಬಾರದು' ಎಂದು ಬೋರ್ಡು ನೆಟ್ಟರು.

'ಬಿಡು ಸುಮಾ, ಬಾಡಗಿ ಮನಿ' ಎಂದರು ನಮ್ಮವರು. 'ಸಿಟ್ಟಿನ್ಯಾಗ ಕೊಯ್ಕೊಂಡ ಮೂಗು ಶಾಂತ ಆದ ಮ್ಯಾಲೆ ಬರಂಗಿಲ್ಲ.'

'ನಾ ಕೊಯ್ಯೋದು ನನ್ನ ಮೂಗಲ್ರಿ, ಆತಂದು' ಎಂದೆ.

ಯುಗಾದಿಗೆ ಊರಿಗೆ ಹೋದೆ. ಅಣ್ಣನ ಹೊಲದ ಬದುವಿನ ಮೇಲೆ, ಜೋಳದಿಂದ ಕಿತ್ತು ಒಗೆದ ಕಸದ ಗಿಡಗಳು ಒಣಗಿ ಬಿದ್ದಿದ್ದವು. ಅವುಗಳ ನಡುವೆ ಒಂದು ಗಿಡವನ್ನು ಕಂಡು ನಿಂತೆ. ಮೊಳಕಾಲೆತ್ತರದ ಗಿಡ, ಗೋಧಿ ತೆನೆಯಂಥ ಹೂವು, ಬುಡಕ್ಕೆ ಬಿಳಿ, ತುದಿಗೆ ಗುಲಾಬಿ. ಪೇಟೆಯ ಕೋಳಿಜುಟ್ಟು ಹೂವಿನ ಬಡ ಸಂಬಂಧಿ ಅನ್ನಿ. ನಮ್ಮೂರಲ್ಲಿ ಅದಕ್ಕೆ ಹೆಸರಿಟ್ಟವರಿಲ್ಲ, ಕಸ ಅಂತಲೇ ಕರೆಯುವುದು. ಒಂದು ಗಿಡ ಬಿಟ್ಟರೆ ಮರುವರ್ಷ ಹೊಲವೇ ಅದರದು. ಚಿಕ್ಕವಳಿದ್ದಾಗ ಅದನ್ನು ಕಿತ್ತು ಕಿತ್ತು ನನ್ನ ಬೆರಳಿಗೆ ಬೊಬ್ಬೆ ಬಂದದ್ದು ನೆನಪಾಯಿತು. ಸೆರಗು ಹಾಸಿ, ಒಣ ತೆನೆಗಳನ್ನು ಅಂಗೈಯಲ್ಲಿ ತಿಕ್ಕಿದೆ. ಸಾಸಿವೆಗಿಂತ ಸಣ್ಣ, ಕರ್ರಗೆ ಮಿಂಚುವ ಬೀಜ ಸುರಿಯಿತು.

ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ಸೊಂಟದ ಮೇಲೆ ಕೈ ಇಟ್ಟು ನೋಡಿದಳು. 'ಏನವಾ ಇದು? ಪೇಟ್ಯಾಗಿದ್ದಾಕಿ ಬಂಗಾರ ಒಯ್ದಾಳ, ಸೀರಿ ಒಯ್ದಾಳ. ಕಸದ ಬೀಜ ಒಯ್ಯಾಕಿನ್ನ ನಾ ಎಲ್ಲೂ ಕಂಡಿಲ್ಲ.'

'ಒಬ್ಬಾಂವಗ ಉಡುಗೊರಿ ಕೊಡೂದೈತಿ ವೈನಿ.'

'ಯಾರಿಗೆ? ವೈರಿಗೇನ?'

'ಹೌದು.'

ವೈನಿ ಸೊಂಟದ ಮೇಲಿನ ಕೈ ತೆಗೆದಳು. ಕೂತು ತಾನೂ ನಾಲ್ಕು ಹಿಡಿ ತಿಕ್ಕಿ ಕೊಟ್ಟಳು. ನಮ್ಮ ಮನೆತನದಲ್ಲಿ ಹೆಂಗಸರಿಗೆ ಇಂಥ ವಿಷಯದಲ್ಲಿ ಒಗ್ಗಟ್ಟು ಬಹಳ.

ಜೂನ್ ತಿಂಗಳಲ್ಲಿ ರಾವ್ ದಂಪತಿ ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಟರು. ಅವರ ಟ್ಯಾಕ್ಸಿ ಗೇಟು ದಾಟಿದ್ದನ್ನು ಅಡುಗೆಮನೆಯ ಕಿಟಕಿಯಿಂದ ನೋಡಿದೆ. ಮೊದಲ ಮಳೆ ಬಿದ್ದ ಮರುದಿನ, ಬೆಳಗಿನ ಪಾಳಿಗೆ ಹೊರಟವಳು ಹಾಗೇ ಹುಲ್ಲಿನ ಅಂಚಿನಲ್ಲಿ ನಡೆಯುತ್ತ ಸೆರಗಿನೊಳಗಿನಿಂದ ಹಿಡಿ ಹಿಡಿ ಬೀಜ ಚೆಲ್ಲಿದೆ. ನಮ್ಮ ಕಡೆ ಎಳ್ಳ ಅಮವಾಸ್ಯೆಯ ದಿನ ಹೊಲದಲ್ಲಿ ಚರಗ ಚೆಲ್ಲುತ್ತಾರೆ. ಮನೆಯಲ್ಲಿ ಮಾಡಿದ ಕಡಬು, ರೊಟ್ಟಿ, ಪಲ್ಯ ಎಲ್ಲ ಕಲಸಿ, ಭೂಮಿತಾಯಿ ಉಣ್ಣಲಿ ಎಂದು 'ಹುಲ್ಲುಲ್ಲಿಗ್ಯೋ, ಚೆಲ್ಲಂಬ್ರಿಗ್ಯೋ' ಎಂದು ಕೂಗುತ್ತ ಹೊಲದ ತುಂಬ ಬೀರುವುದು. ನನ್ನ ಬಾಯಿಗೆ ಅದೇ ಕೂಗು ಬಂತು. ಮೆಲ್ಲಗೆ ಕೂಗಿದೆ. ಹರಕೆಯ ಜಾಗದಲ್ಲಿ ಶಾಪ ಇತ್ತು: ರಾವ್ ಸಾಹೇಬಾ, ನಿನ್ನ ಹುಲ್ಲು ಹಾಳಾಗಲಿ, ನಿನ್ನ ಕಾಲೊನಿ ಹಳ್ಳಿಯಾಗಲಿ.

ಆಗಿಯೇ ಬಿಟ್ಟಿತು. ಮಾಲಿ ಯಾದಯ್ಯ ಬಿತ್ತನೆಗೆಂದು ತನ್ನೂರಿಗೆ ಹೋದವನು ಮರಳಲಿಲ್ಲ. ಬದಲಿಗೆ ಬಂದವನು ಪೈಪು ಬಿಟ್ಟು ಮಲಗುತ್ತಿದ್ದ. ಹುಲ್ಲು ಕತ್ತರಿಸುವ ಯಂತ್ರದ ಕೀಲಿ ರಾವ್ ಗಾರ ಮನೆಯಲ್ಲಿ ಬೀಗದೊಳಗಿತ್ತು. ಯಾರಾದರೂ 'ಇದೇನು, ಹುಲ್ಲಿನಲ್ಲಿ ಏನೋ ಎದ್ದಿದೆ' ಎಂದರೆ ಉಳಿದವರು ಬೋರ್ಡು ತೋರಿಸುತ್ತಿದ್ದರು. ಮುಟ್ಟಬಾರದು ಎಂದು ಬರೆಸಿದವರೇ ಬಂದು ಮುಟ್ಟಲಿ ಎಂದು ಎಲ್ಲರೂ ಸುಮ್ಮನಾದರು. ಶ್ರಾವಣದಲ್ಲಿ ಗಿಡ ಮೊಳಕಾಲಿಗೆ ಬಂತು, ಭಾದ್ರಪದದಲ್ಲಿ ಸೊಂಟಕ್ಕೆ. ಸಗಣಿಗೊಬ್ಬರ ಹಾಕಿ ಹಸನು ಮಾಡಿದ ನನ್ನದೇ ಮಣ್ಣಲ್ಲವೇ ಅಡಿಯಲ್ಲಿದ್ದದ್ದು! ಆ ಮೆಕ್ಸಿಕನ್ ಹುಲ್ಲು ಕೆಳಗೆ ಬಿಸಿಲು ಕಾಣದೆ ಹಳದಿಯಾಯಿತು. ನಾನು ಚಹಾ ಕುಡಿಯುತ್ತ ದಿನಾ ನೋಡುತ್ತಿದ್ದೆ. ಆ ಮೂರು ತಿಂಗಳು ನನಗೆ ಹೈದರಾಬಾದು ಬಹಳ ಹಿಡಿಸಿತು, ಸುಳ್ಳು ಯಾಕೆ ಹೇಳಲಿ.

ಮಹಾಲಯ ಅಮವಾಸ್ಯೆಯ ಮುಂಚಿನ ದಿನ ಬೆಳಗ್ಗೆ ರಾವ್ ದಂಪತಿ ಮರಳಿದರು. ನಾನು ರಜೆ ಹಾಕಿದ್ದೆ, ಅವರ ಮುಖ ನೋಡಲೆಂದೇ. ಟ್ಯಾಕ್ಸಿ ನಿಂತಿತು. ರಾವ್ ಗಾರು ಇಳಿದರು, ಗೋಡೆಯ ಕಡೆ ನೋಡಿದರು, ಕೈಯಲ್ಲಿದ್ದ ಸೂಟ್‌ಕೇಸು ಕೆಳಗಿಟ್ಟರು. ಮುಖ ಹರಳೆಣ್ಣೆ ಕುಡಿದಂತಾಯಿತು. ನನ್ನ ಜನ್ಮ ಸಾರ್ಥಕವಾಯಿತು ಎಂದುಕೊಂಡೆ.

ಆಗ ಅವರ ಹೆಂಡತಿ ಸುಗುಣಮ್ಮ ಇಳಿದರು. ನೋಡಿದವರೇ ಕೆನ್ನೆಯ ಮೇಲೆ ಕೈ ಇಟ್ಟುಕೊಂಡು, 'ಅಯ್ಯೋ! ಗುನುಗು ಪೂಲು!' ಎಂದು ಚೀರಿದರು. ನೋವಿನ ಕೂಗಲ್ಲ, ತವರಿನವರನ್ನು ಕಂಡಾಗ ಚೀರುತ್ತಾರಲ್ಲ, ಅದು. ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಹುಲ್ಲಿನ ಮೇಲೆ ಓಡಿದರು. ಒಂದು ತೆನೆ ಮುರಿದು ಕಣ್ಣಿಗೆ ಒತ್ತಿಕೊಂಡರು. 'ರಾಜ್ಯಕ್ಕಾ! ಅನಿತಾ! ಬನ್ನಿ, ಬನ್ನಿ, ನಮ್ಮ ಬಾಗಿಲಿಗೇ ಬಂದಿದ್ದಾಳೆ ಅಮ್ಮ!' ಎಂದು ತೆಲುಗಿನಲ್ಲಿ ಮಹಡಿಗಳ ಕಡೆ ಕೂಗಿದರು. ಬಾಲ್ಕನಿಗಳಲ್ಲಿ ತಲೆಗಳು ಕಂಡವು, ಮೆಟ್ಟಿಲುಗಳಲ್ಲಿ ಕಾಲು ಸಪ್ಪಳ ಕೇಳಿಸಿತು.

ನನಗೆ ಏನೂ ತಿಳಿಯಲಿಲ್ಲ. ಪಕ್ಕದ ಮನೆಯ ಅನಿತಾಳನ್ನು ಕೇಳಿದೆ. ಮರುದಿನದಿಂದ ಬತುಕಮ್ಮ, ಇಲ್ಲಿಯ ಹೆಂಗಸರ ದೊಡ್ಡ ಹಬ್ಬ. ತಟ್ಟೆಯಲ್ಲಿ ಹೂವುಗಳನ್ನು ಸುತ್ತು ಸುತ್ತಾಗಿ ಗೋಪುರದಂತೆ ಏರಿಸಿ, ಅದನ್ನೇ ಗೌರಮ್ಮ ಎಂದು ನಡುವೆ ಇಟ್ಟು, ಸುತ್ತಲೂ ಚಪ್ಪಾಳೆ ತಟ್ಟುತ್ತ ಆಡುತ್ತಾರೆ. ಆ ಗೋಪುರಕ್ಕೆ ಬೇಕೇಬೇಕಾದದ್ದು ಇದೇ ಗಿಡದ ಹೂವು. ಇಲ್ಲಿ ಅದರ ಹೆಸರು ಗುನುಗು. ಮೊದಲು ಗಚ್ಚಿಬೌಲಿಯ ಬಯಲಿನಲ್ಲಿ ಬೇಕಾದಷ್ಟಿತ್ತಂತೆ. ಗಾಜಿನ ಕಟ್ಟಡಗಳು ಎದ್ದ ಮೇಲೆ ಒಂದು ತೆನೆಗೂ ಎಲ್ಲೆಲ್ಲಿಗೋ ಹೋಗಬೇಕಿತ್ತಂತೆ.

ನಾನು ವೈರಿಯ ಅಂಗಳದಲ್ಲಿ ದೇವರನ್ನು ಬಿತ್ತಿದ್ದೆ. ನನ್ನ ತಲೆಯನ್ನು ನಾನೇ ಚಚ್ಚಿಕೊಳ್ಳಬೇಕು ಅನ್ನಿಸಿತು.

ರಾವ್ ಗಾರು ಮಾತ್ರ ಇನ್ನೂ ಸೋಲೊಪ್ಪಿರಲಿಲ್ಲ. 'ಎಲ್ಲ ಕೀಳಿಸುತ್ತೇನೆ, ಈಗಲೇ ಆಳು ಕರೆಸುತ್ತೇನೆ' ಎಂದು ಫೋನ್ ತೆಗೆದರು. ಸುಗುಣಮ್ಮ ತಿರುಗಿ ನಿಂತರು. 'ಒಕ್ಕ ಕೊಮ್ಮ ಮುಟ್ಟಂಡಿ, ಚೆಪ್ತಾ ಮೀ ಸಂಗತಿ!' ಎಂದರು. ಒಂದು ರೆಂಬೆ ಮುಟ್ಟಿ ನೋಡಿ, ನಿಮಗಿದೆ ಮಾರಿಹಬ್ಬ. ಇಡೀ ಕಾಲೊನಿಯ ಹೆಂಗಸರ ಮುಂದೆ ಕಾರ್ಯದರ್ಶಿಗಳು ಫೋನನ್ನು ಕಿಸೆಗೆ ಹಾಕಿಕೊಂಡರು. ಅದನ್ನು ಕಂಡು ನನಗೆ ಅರ್ಧ ಜೀವ ಮರಳಿತು.

ಒಂಬತ್ತು ದಿನವೂ ಆ ಗಿಡಗಳ ಪಕ್ಕದ ಹುಲ್ಲಿನ ಮೇಲೆ ಕುಣಿದರು. ಬೋರ್ಡನ್ನು ಕಿತ್ತು ಗೋಡೆಗೆ ಆನಿಸಿದ್ದರು. ಸುಗುಣಮ್ಮ ನನ್ನನ್ನೂ ಎಳೆದುಕೊಂಡು ಹೋದರು. 'ಬಾ ವದಿನಾ, ನಿಮ್ಮ ಕಿಟಕಿಯ ಕೆಳಗೇ ಬಂದಿದ್ದಾಳೆ, ನೀನು ಒಳಗೆ ಕೂತರೆ ಹೇಗೆ?' ನಾವು ವೈನಿ ಎನ್ನುವುದನ್ನೇ ಇವರು ವದಿನ ಎನ್ನುತ್ತಾರೆ, ಗೆಳತಿಯರನ್ನೂ ಹಾಗೇ ಕರೆಯುತ್ತಾರೆ. ಊರಿನ ವೈನಿ ತಿಕ್ಕಿ ಕೊಟ್ಟ ಬೀಜದ ಹೂವಿನ ಸುತ್ತ ಈ ವದಿನೆಯರ ಜೊತೆ ಚಪ್ಪಾಳೆ ತಟ್ಟಿದೆ. ಹೆಜ್ಜೆ ತಪ್ಪಿದರೆ ಯಾರೂ ನಗಲಿಲ್ಲ. ಜೋಳದ ಹಿಟ್ಟಿಗೆ ಬೆಲ್ಲ ಬೆರೆಸಿ ಕಟ್ಟಿದ ಉಂಡಿಯನ್ನು ಕೈಗೆ ಹಾಕಿದರು, ನಮ್ಮವ್ವ ಮಾಡಿದ ಹಾಗೇ ಇತ್ತು. ಸೆರಗಿನಿಂದ ಕಣ್ಣೊರೆಸಿಕೊಂಡೆ. ಅದೂ ನನಗೆ ಸಿಟ್ಟೇ ತರಿಸಿತು. ನಾನು ಬಂದದ್ದು ಸೇಡಿಗೆ, ಅಳುವುದಕ್ಕಲ್ಲ.

'ಇದಕ್ಕೆ ನಿಮ್ಮ ಕಡೆ ಏನಂತಾರೆ?' ಎಂದು ಸುಗುಣಮ್ಮ ಹೂವನ್ನು ತೋರಿಸಿ ಕೇಳಿದರು. ಕಸ ಅಂತಾರೆ ಎಂದು ಬಾಯಿಗೆ ಬಂತು. 'ನಮ್ಮಲ್ಲೂ ದೇವರ ಹೂವೇ' ಎಂದೆ. ಹಿಂದೆ ನಿಂತಿದ್ದ ನಮ್ಮವರು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಕೆಮ್ಮಿದರು.

ಹಬ್ಬ ಮುಗಿದ ಮೇಲೆ ಧೈರ್ಯ ಮಾಡಿ ಸುಗುಣಮ್ಮನವರನ್ನು ಕೇಳಿದೆ. ಹುಲ್ಲು ಹೇಗೂ ಹೋಯಿತು, ಆ ಪಟ್ಟಿ ನನಗೆ ಕೊಡಿಸಿ, ಮತ್ತೆ ಪಾಪಿ ಬಿತ್ತುತ್ತೇನೆ ಎಂದೆ. ಅವರು ನನ್ನ ಕೈ ಹಿಡಿದು, ಬಹಳ ಪ್ರೀತಿಯಿಂದಲೇ, 'ಅಯ್ಯೋ ವದಿನಾ, ಅದಿನ್ನು ಅಮ್ಮನ ಜಾಗ. ಮುಂದಿನ ವರ್ಷಕ್ಕೂ ಗುನುಗು ಅಲ್ಲೇ ಬೆಳೆಸಬೇಕು ಎಂದು ಎಲ್ಲರೂ ಸೇರಿ ಹೇಳಿಯಾಗಿದೆ' ಎಂದರು. ಯಾದಯ್ಯ ಮರಳಿ ಬಂದಿದ್ದ. ಹಳೆಯ ಗಿಡ ತೆಗೆದು ನೆಲವನ್ನು ಒಮ್ಮೆ ಆಳವಾಗಿ ಅಗೆದು ಹರವಿದ. ನೆಲ ಬಿಗಿಯಾಗಬಾರದೆಂದು ದಿನಾ ನೀರು ಹಾಯಿಸುವ ಜವಾಬ್ದಾರಿಯನ್ನು ಸುಗುಣಮ್ಮ ಗಂಡನಿಗೇ ವಹಿಸಿದರು. ನಾನು ಮನೆಗೆ ಬಂದು ಬಾಗಿಲು ಹಾಕಿಕೊಂಡೆ. ರಾವ್ ಕಿತ್ತುಕೊಂಡದ್ದನ್ನು ಹೇಗಾದರೂ ಮಾಡಿ ವಾಪಸು ತೆಗೆದುಕೊಳ್ಳಬಹುದಿತ್ತು. ದೇವರಿಗೆ ಹೋದದ್ದನ್ನು ಯಾರ ಹತ್ತಿರ ಕೇಳುವುದು? ಅದೂ ನಾನೇ ಕೈಯಾರೆ ಬಿತ್ತಿ ಕೊಟ್ಟದ್ದನ್ನು. ಆ ದಿನ ನನಗೆ ಅಡುಗೆ ಮಾಡಲೂ ಮನಸ್ಸಾಗಲಿಲ್ಲ.

ಚಳಿ ಶುರುವಾದ ಮೇಲೆ ಒಂದು ಬೆಳಗ್ಗೆ ರಾವ್ ಗಾರು ನಮ್ಮ ಬಾಗಿಲು ತಟ್ಟಿದರು. ಮಂಕಿ ಟೋಪಿ ಹಾಕಿಕೊಂಡು, ಪೈಪು ಕೆಳಗಿಟ್ಟು ಬಂದಿದ್ದರು. 'ಅಲ್ಲಿ ಸಣ್ಣ ಸಣ್ಣ ಸಸಿ ಎದ್ದಿವೆ. ಕಿತ್ತುಹಾಕೋಣವೆಂದರೆ ನಮ್ಮವಳು ನಿಮ್ಮನ್ನು ಕೇಳದೆ ಮುಟ್ಟಬೇಡಿ ಅಂದಳು. ಏನದು?'

ಹೋಗಿ ನೋಡಿದೆ. ಕುಕ್ಕರುಗಾಲಲ್ಲಿ ಕೂತೆ. ಬೂದಿ ಬೆರೆತ ಹಸಿರು, ಅಂಚು ಹರಿದಂಥ ಎಲೆ. ಹುಲ್ಲಿನ ಬೇರುಗಳ ಸಂದಿಯಲ್ಲಿ, ಪಟ್ಟಿಯ ಉದ್ದಕ್ಕೂ, ನೂರಾರು. ನನ್ನ ಪಾಪಿಗಳು. ಅಂದು ಗುದ್ದಲಿ ಏಟಿಗೆ ಉದುರಿದ ಬೀಜ ಹುಲ್ಲಿನಡಿಯಲ್ಲಿ ಸುಮ್ಮನೆ ಮಲಗಿತ್ತು, ಯಾದಯ್ಯ ಮಣ್ಣು ತಿರುವಿ ಬೆಳಕು ತೋರಿಸಿದಾಗ ಎದ್ದಿತ್ತು. ಎದ್ದು ಕುಣಿಯಬೇಕು ಅನ್ನಿಸಿತು. ಮುಖ ಮಾತ್ರ ಗಂಭೀರವಾಗಿಟ್ಟುಕೊಂಡೆ.

'ಇವು ಅಮ್ಮನ ಹೂವಿನ ಚಳಿಗಾಲದ ಸಸಿ ಸಾರ್' ಎಂದೆ. 'ಭಾಳ ನಾಜೂಕು. ಕೀಳಬಾರದು, ಬೇರೆ ಕಡೆ ನೆಡಬಾರದು. ಬೆಳಗ್ಗೆ ಹನಿ ಹನಿ ನೀರು. ಸುತ್ತಲಿನ ಕಸವನ್ನು ಕೈಯಿಂದಲೇ ತೆಗೆಯಬೇಕು, ಗುದ್ದಲಿ ತಾಗಿಸಬಾರದು.'

'ಕಸ ಅಂದರೆ?'

ಅಲ್ಲಲ್ಲಿ ಮತ್ತೆ ಚಿಗುರುತ್ತಿದ್ದ ಮೆಕ್ಸಿಕನ್ ಹುಲ್ಲನ್ನು ತೋರಿಸಿದೆ. 'ಇದೇ ಸಾರ್.'

ರಾವ್ ಗಾರು ಹುಲ್ಲನ್ನು ನೋಡಿದರು, ನನ್ನನ್ನು ನೋಡಿದರು, ತಮ್ಮ ಬಾಲ್ಕನಿಯನ್ನು ನೋಡಿದರು. ಬಾಲ್ಕನಿಯಲ್ಲಿ ಸುಗುಣಮ್ಮ ನಿಂತಿದ್ದರು. ರಾವ್ ಗಾರು ಪ್ಯಾಂಟು ಮೇಲೆತ್ತಿಕೊಂಡು ನೆಲಕ್ಕೆ ಕೂತರು. ಆ ದಿನದಿಂದ ಪ್ರತಿ ಬೆಳಗ್ಗೆ, ಬಿಳಿ ಬೂಟಿಗೆ ಕೆಸರು ಮೆತ್ತಿಕೊಂಡು, ತಾವೇ ಹಾಸಿದ ಹುಲ್ಲನ್ನು ತಾವೇ ಒಂದೊಂದಾಗಿ ಕಿತ್ತರು. ನಾನು ಕಿಟಕಿಯಲ್ಲಿ ಚಹಾ ಹಿಡಿದು ನಿಲ್ಲುತ್ತಿದ್ದೆ. 'ಆ ಮೂಲ್ಯಾಗ ಬಿಟ್ರಿ ನೋಡ್ರಿ' ಎಂದು ಆಗಾಗ ಹೇಳುತ್ತಿದ್ದೆ. ಆ ಚಹಾದಂಥ ಚಹಾ ಮತ್ತೆ ಕುಡಿದಿಲ್ಲ.

ಎಳ್ಳ ಅಮವಾಸ್ಯೆ ಹತ್ತಿರ ಬಂತು. 'ಚರಗ ಚೆಲ್ಲಾಕ ಯಾವಾಗ ಬರ್ತಿ?' ಎಂದು ಅಣ್ಣ ಫೋನ್ ಮಾಡಿದ. ಹೈದರಾಬಾದಿಗೆ ಬಂದ ಮೇಲೆ ಒಂದು ವರ್ಷವೂ ಅದನ್ನು ತಪ್ಪಿಸಿರಲಿಲ್ಲ.

'ಈ ಸಲ ಆಗಂಗಿಲ್ಲಣ್ಣ. ಇಲ್ಲಿ ಹೂ ಬಿಡೂ ಹೊತ್ತು.'

'ಹೂವಿನ ಸಲುವಾಗಿ ಹೊಲಾ ಬಿಡ್ತೀಯಾ? ಅದೇನು ನಿನ್ನ ಭೂಮೀ ಏನ?'

ಅಲ್ಲ ಎನ್ನಬೇಕಿತ್ತು. ಸಜ್ಜೆ ಹಿಟ್ಟು ಬೀಸಿಸಬೇಕು ಎಂದು ಹೇಳಿ ಫೋನಿಟ್ಟೆ.

ಅಮವಾಸ್ಯೆಯ ಬೆಳಗ್ಗೆ ಇಲ್ಲಿಯೇ ಕಡಬು, ಸಜ್ಜೆ ರೊಟ್ಟಿ, ಪುಂಡಿಪಲ್ಯ ಮಾಡಿದೆ. ತಟ್ಟೆಯಲ್ಲಿ ಕಲಸಿಕೊಂಡು ಹೊರಗೆ ಹೋದೆ. ಪಟ್ಟಿಯ ನಡುವೆ ಒಂದು ಮೊಗ್ಗು ತಲೆ ಎತ್ತಿ ಬಿಚ್ಚಿಕೊಂಡಿತ್ತು, ಕೆಂಪು, ಅಂಚಿಗೆ ಬಿಳಿ. ಅದರ ಮುಂದೆ ರಾವ್ ಗಾರು ಪೈಪು ಹಿಡಿದು ನಿಂತಿದ್ದರು. ಬಹಳ ಹೊತ್ತಿನಿಂದ ನಿಂತಿದ್ದರು ಅನ್ನಿಸುತ್ತದೆ, ಬೂಟಿನ ಸುತ್ತ ನೀರು ಮಡುಗಟ್ಟಿತ್ತು.

'ಇದು ಆ ಹೂವೇ ಅಲ್ಲವೇ? ನಾನು ಅಗೆಸಿದ್ದು' ಎಂದರು.

'ಹೌದ್ರಿ.'

'ಅಮ್ಮನ ಹೂವು ಅಂದಿರಲ್ಲ?'

'ನೀವು ಹಳ್ಳಿ ಅಲ್ಲ ಅಂದಿದ್ರಲ್ಲ.'

ಅವರು ಹೂವಿನ ಕಡೆ ತಿರುಗಿದರು. ಕಿತ್ತುಹಾಕುತ್ತಾರೆ ಎಂದುಕೊಂಡೆ. ಕಿತ್ತಿದ್ದರೆ ತಟ್ಟೆಯನ್ನೇ ತಲೆಗೆ ಹಾಕುತ್ತಿದ್ದೆ. ಅವರು ಬಗ್ಗಿ, ಗಿಡದ ಬುಡದಲ್ಲಿದ್ದ ಒಂದು ಎಸಳು ಹುಲ್ಲನ್ನು ಕಿತ್ತು ಪಕ್ಕಕ್ಕೆಸೆದರು. ಪೈಪನ್ನು ಮುಂದಿನ ಸಾಲಿಗೆ ತಿರುಗಿಸಿದರು. ಕ್ಷಮಿಸಿ ಎಂದು ಅವರು ಹೇಳಲಿಲ್ಲ, ನಾನೂ ಕ್ಷಮಿಸಿಲ್ಲ. ಅವರ ಕಾಲ ಸುತ್ತ ಒಂದು ಹಿಡಿ, ಗೋಡೆಯ ಉದ್ದಕ್ಕೂ ಒಂದೊಂದು ಹಿಡಿ ಚರಗ ಚೆಲ್ಲಿ ಒಳಗೆ ಬಂದೆ.

ಫೋನು ಬಡಿದುಕೊಳ್ಳುತ್ತಿತ್ತು. ಅಣ್ಣ ಹೊಲದಿಂದ ಮಾಡಿದ್ದ. 'ಕೇಳು' ಎಂದಷ್ಟೇ ಹೇಳಿ ಫೋನನ್ನು ಮೇಲೆತ್ತಿ ಹಿಡಿದ. ಗಾಳಿಯ ಸಪ್ಪಳ, ಅದರ ಹಿಂದೆ ವೈನಿಯ ದನಿ, 'ಹುಲ್ಲುಲ್ಲಿಗ್ಯೋ, ಚೆಲ್ಲಂಬ್ರಿಗ್ಯೋ'. ಹೊರಗೆ ರಾವ್ ಗಾರ ಪೈಪಿನ ನೀರು ನನ್ನ ಹೂವಿನ ಮೇಲೆ ಬೀಳುವ ಸದ್ದು. ನಾನು ಫೋನನ್ನೂ ಇಡಲಿಲ್ಲ, ಕಿಟಕಿಯನ್ನೂ ಮುಚ್ಚಲಿಲ್ಲ.